ಇಂಗ್ಲಿಷರ ಕಥೆ ಹಾಡು ಕೇಳಲು ಹೋಗುವವರಿಗೆ

ಇಂಗ್ಲೆಂಡಿನಲ್ಲಿರುವ ನಮ್ಮವರು ಇಲ್ಲಿನ ಫೋಕ್ ಕಾರ್ಯಕ್ರಮಗಳಿಗೆ ಹೋಗುವುದು ಕಡಿಮೆ. ‘ಅವರ ಜಾನಪದ ನಮಗೆಲ್ಲಿ ಅರ್ಥ ಆಗುತ್ತೆ ಬಿಡಿ’ ಅಂತಾರೆ. ನನಗಂತೂ ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬರೋಗೆ ಬಂದ ಮೇಲೆ ಈ ಹಾಡುಗಳ ಹುಚ್ಚೇ ಹಿಡಿದಿದೆ. ಹೊಸದಾಗಿ ಬಂದವರನ್ನು ಎಳೆದುಕೊಂಡು ಹೋಗುತ್ತೇನೆ. ಅವರಿಗೆ ದಾರಿಯಲ್ಲಿ ಹೇಳುವ ಮಾತುಗಳೇ ಇವು.

ಮೊದಲ ಸಲಕ್ಕೆ ಕಥೆ ಹೇಳುವ ತಂಡವನ್ನೇ ಆರಿಸಿಕೊಳ್ಳಿ. ನಾನು ಹೇಳುವುದು ‘ದಿ ಯಂಗನ್ಸ್’. ಶಾನ್ ಕೂನಿ, ಡೇವಿಡ್ ಈಗಲ್, ಮೈಕಲ್ ಹ್ಯೂಸ್, ಮೂವರೂ ಇದೇ ಟೀಸೈಡ್ ಕಡೆಯವರು, ಅಂದರೆ ಮಿಡಲ್ಸ್‌ಬರೋ ಸುತ್ತಲಿನ ಸೀಮೆಯವರು. ಪಕ್ಕದೂರು ಸ್ಟಾಕ್ಟನ್‌ನ ಪಬ್ಬಿನಲ್ಲಿ ಸೇರುತ್ತಿದ್ದ ಫೋಕ್ ಕ್ಲಬ್ಬಿನಲ್ಲಿ ಚಿಕ್ಕ ವಯಸ್ಸಿಗೇ ಹಾಡಲು ಶುರು ಮಾಡಿದವರು. ಅಕಾರ್ಡಿಯನ್, ಗಿಟಾರ್ ಇಟ್ಟುಕೊಂಡಿರುತ್ತಾರೆ. ಆದರೆ ಎಷ್ಟೋ ಹಾಡಿಗೆ ವಾದ್ಯವೇ ಇಲ್ಲ, ಬರೀ ಮೂರು ಕಂಠ. ಹಾಗಾಗಿ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಹೋಗುವ ಮುಂಚೆ ಕಥೆಯ ಹಂದರ ಗೊತ್ತಿರಲಿ. ಸಾಹಿತ್ಯ ಓದಿಕೊಳ್ಳುವುದು ಬೇಡ, ಊರುಗಳ, ಘಟನೆಗಳ ಹೆಸರು ತಿಳಿದರೆ ಸಾಕು. ಸ್ಟಾಕ್ಟನ್‌ನಲ್ಲಿ ಹುಟ್ಟಿದ ಜಾನಿ ಲಾಂಗ್‌ಸ್ಟಾಫ್ ಎಂಬವರ ಬದುಕಿನ ಮೇಲೆ ಇವರು ಹಾಡುಗಳ ಒಂದು ಸಾಲನ್ನೇ ಕಟ್ಟಿದ್ದಾರೆ. ಅದು 2018ರಲ್ಲಿ ಆಲ್ಬಮ್ ಆಗಿಯೂ ಬಂತು. 1934ರಲ್ಲಿ ಈ ಹುಡುಗನಿಗೆ 15 ವರ್ಷ. ಕೆಲಸವಿಲ್ಲದವರ ಹಸಿವಿನ ಮೆರವಣಿಗೆಯ ಜೊತೆ ಲಂಡನ್ನಿಗೆ ನಡೆದ, ಸುಮಾರು 400 ಕಿಲೋಮೀಟರ್. ಎರಡು ವರ್ಷದ ಮೇಲೆ ಲಂಡನ್ನಿನ ಕೇಬಲ್ ಸ್ಟ್ರೀಟ್‌ನಲ್ಲಿದ್ದ. 1936ರ ಅಕ್ಟೋಬರ್ 4ರಂದು ಬ್ರಿಟನ್ನಿನ ಫ್ಯಾಸಿಸ್ಟ್ ನಾಯಕ ಮೋಸ್ಲಿಯ ಕಡೆಯವರನ್ನು ಲಂಡನ್ನಿನ ಪೂರ್ವಭಾಗವಾದ ಈಸ್ಟ್ ಎಂಡ್‌ನ ಜನ ಅಡ್ಡಗಟ್ಟಿದ್ದು ಅಲ್ಲೇ. ಪೊಲೀಸರ ಕುದುರೆಗಳು ಜಾರಲಿ ಅಂತ ಕಾಲಡಿಗೆ ಗೋಲಿ ಉರುಳಿಸಿದ್ದರು! ಆಮೇಲೆ ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೊ ವಿರುದ್ಧ ಹೋರಾಡಲು ಸ್ಪೇನಿಗೇ ಹೋದ. ಸ್ಟಾಕ್ಟನ್, ಕೇಬಲ್ ಸ್ಟ್ರೀಟ್, ಸ್ಪೇನ್. ಈ ಮೂರು ನೆನಪಿದ್ದರೆ ಟೀಸೈಡ್ ಉಚ್ಚಾರಣೆಯಲ್ಲಿ ಅರ್ಧ ತಪ್ಪಿಹೋದರೂ ಕಥೆ ಕೈ ಬಿಡುವುದಿಲ್ಲ.

ಕೂರುವಾಗ ಹಾಡುವವರ ಬಾಯಿ ಕಾಣುವಷ್ಟು ಹತ್ತಿರ ಕೂರಿ. ಹಾಡು ಎತ್ತುವ ಮುಂಚೆ ಮೂವರೂ ಒಟ್ಟಿಗೆ ಉಸಿರು ಎಳೆದುಕೊಳ್ಳುತ್ತಾರೆ. ಅದನ್ನು ನೋಡಿದರೆ ನೀವೂ ಸರಿಯಾದ ಜಾಗದಲ್ಲಿ ಕಿವಿ ಕೊಡುತ್ತೀರಿ. ಜಾನಿಯ ಕಥೆಯಲ್ಲಿ ಇನ್ನೊಂದು ವಿಶೇಷ ಇದೆ. ಇಂಪೀರಿಯಲ್ ವಾರ್ ಮ್ಯೂಸಿಯಂ 1986ರಲ್ಲಿ ಅವರನ್ನು ಮಾತಾಡಿಸಿ ಧ್ವನಿಮುದ್ರಿಸಿಕೊಂಡಿತ್ತು. ಹಾಡುಗಳ ನಡುವೆ ಅದೇ ದನಿ ಕೇಳಿಸುತ್ತಾರೆ. ಮುದುಕರೊಬ್ಬರು ಊಟದ ಸುದ್ದಿ ಹೇಳಿದಷ್ಟು ಸಹಜವಾಗಿ ಯುದ್ಧದ ಸುದ್ದಿ ಹೇಳುತ್ತಾರೆ. ಅವರು ನಿಲ್ಲಿಸಿದಲ್ಲಿಂದ ಹಾಡು ಮುಂದುವರಿಯುತ್ತದೆ. ಆಗ ಫೋನ್ ಎತ್ತಿ ವಿಡಿಯೊ ಮಾಡಬೇಡಿ, ದಯವಿಟ್ಟು.

ಇನ್ನು ಮುಖ್ಯವಾದದ್ದು ಪಲ್ಲವಿ. ನಮ್ಮ ವಿಜಯಪುರದ ಕಡೆ ಗೀಗೀ ಪದದಲ್ಲಿ ಮುಂದಿನವರು ಬಿಟ್ಟ ಸಾಲನ್ನು ಹಿಮ್ಮೇಳದವರು ‘ಗೀ ಗೀ’ ಅಂತ ಎತ್ತಿಕೊಳ್ಳುತ್ತಾರಲ್ಲ, ಇಲ್ಲಿ ಆ ಹಿಮ್ಮೇಳ ಅಂದರೆ ಕೇಳುಗರೇ. ಯಾರೂ ಬನ್ನಿ ಅಂತ ಕರೆಯುವುದಿಲ್ಲ. ಪಲ್ಲವಿ ಎರಡನೇ ಸಲ ಬಂದಾಗ ಮೆಲ್ಲಗೆ ಸೇರಿಕೊಳ್ಳಿ, ಮೂರನೇ ಸಲ ಬಾಯ್ತುಂಬ ಹಾಡಿ. ಹಾಡಿದವರಿಗೇ ಕಥೆ ಜಾಸ್ತಿ ಹತ್ತಿರವಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಸುಮ್ನೆ ಚಪ್ಪಾಳೆ ಹೊಡೆದು ತಾಳ ಹಾಕಲು ಮಾತ್ರ ಹೋಗಬೇಡಿ, ವಾದ್ಯವಿಲ್ಲದ ಹಾಡಿನ ಲಯ ಕೆಡುತ್ತದೆ.

ಮುಗಿದ ಮೇಲೆ ಸಿ.ಡಿ. ಮೇಜಿನ ಹತ್ತಿರ ಹಾಡುಗಾರರು ಸಿಕ್ಕರೆ ಮಾತಾಡಿಸಿ. ಮನೆಯಲ್ಲಿ ಕೇಳುವಾಗ ಮೊದಲ ಹಾಡಿನಿಂದ ಸಾಲಾಗಿ ಕೇಳಿ, ಷಫಲ್ ಒತ್ತಿದರೆ ಕಥೆ ಕಲಸಿಹೋಗುತ್ತದೆ.

ರುಚಿ ಹತ್ತಿತೋ, ಮುಂದಿನ ಸಲ ನಿಮ್ಮೂರಿನ ಫೋಕ್ ಕ್ಲಬ್ ಹುಡುಕಿ. ಹೆಚ್ಚಾಗಿ ಪಬ್ಬಿನ ಹಿಂದಿನ ಕೋಣೆಯೋ ಮಹಡಿಯೋ ಆಗಿರುತ್ತದೆ. ವಿರಾಮದಲ್ಲಿ ರ‍್ಯಾಫಲ್ ಚೀಟಿ, ಅಂದರೆ ಬಹುಮಾನದ ಲಾಟರಿ ಚೀಟಿ, ಮಾರಲು ಬರುತ್ತಾರೆ, ಒಂದು ತಗೊಳ್ಳಿ. ಬಹಳ ಕ್ಲಬ್ಬುಗಳಲ್ಲಿ ಬಂದವರಿಗೂ ಹಾಡಲು ಅವಕಾಶ ಇರುತ್ತದೆ. ನಿಮಗೆ ಒಂದು ಲಾವಣಿ ಬರುತ್ತದೆ ಅಂದರೆ ಶುರುವಾಗುವ ಮುಂಚೆಯೇ ಹೋಗಿ ಹೆಸರು ಕೊಡಿ. ಕಥೆಯನ್ನು ಇಂಗ್ಲಿಷಿನಲ್ಲಿ ಎರಡು ಮಾತಲ್ಲಿ ಹೇಳಿ, ಪಲ್ಲವಿಯ ಸಾಲನ್ನು ಒಮ್ಮೆ ಬಿಡಿಸಿ ಹೇಳಿಕೊಟ್ಟು ಹಾಡಿ. ಕನ್ನಡ ಬರದಿದ್ದರೂ ಅವರು ದನಿಗೂಡಿಸುತ್ತಾರೆ.