ಅಮೇಲಿಯಾ ಬ್ಲೂಮರ್ ಅವರ ‘ದಿ ಲಿಲಿ’ಯನ್ನು ಓದುವ ಕ್ರಮ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಸ್ತ್ರೀಹಕ್ಕು ಹೋರಾಟಗಾರ್ತಿ ಅಮೇಲಿಯಾ ಬ್ಲೂಮರ್ ಅವರನ್ನು ಅರಿಯಬೇಕೆನ್ನುವವರು ಅವರ ಹೆಸರು ಅಂಟಿಕೊಂಡ ‘ಬ್ಲೂಮರ್’ ಉಡುಪನ್ನು (ಗಿಡ್ಡ ಲಂಗ, ಅದರ ಕೆಳಗೆ ಸಡಿಲ ಷರಾಯಿ) ಸದ್ಯಕ್ಕೆ ಬದಿಗಿಟ್ಟು, ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್‌ನಲ್ಲಿ 1849ರ ಜನವರಿಯಲ್ಲಿ ಆರಂಭವಾದ, ಅವರು ಸಂಪಾದಿಸಿದ ‘ದಿ ಲಿಲಿ’ ಪತ್ರಿಕೆಯ ಸಂಚಿಕೆಗಳನ್ನು ಕಾಲಾನುಕ್ರಮದಲ್ಲಿ ಓದಬೇಕು.

ಮೊದಲು ಶೀರ್ಷಿಕೆಯ ಕೆಳಗಿನ ಸಾಲನ್ನು ಗಮನಿಸಿ. ಆರಂಭದಲ್ಲಿ ಪಾನನಿರೋಧ ಮತ್ತು ಸಾಹಿತ್ಯಕ್ಕೆ ಮೀಸಲೆಂದು ಸಾರಿದ ಪತ್ರಿಕೆ, ಮುಂದೆ ಸ್ತ್ರೀಯರ ಹಿತಕ್ಕೆ ಮೀಸಲೆಂದು ಹೇಳಿಕೊಂಡಿತು; ನನ್ನ ಮಟ್ಟಿಗೆ ಅವರ ಬದುಕಿನ ನಿಜವಾದ ತಿರುವು ಇದೇ. ಈ ತಿರುವಿನ ಕಾರಣ ತಿಳಿಯಲು ಅಂದಿನ ಕಾನೂನನ್ನೂ ಜೊತೆಗಿಟ್ಟುಕೊಳ್ಳಿ: 1848ರಲ್ಲಿ ನ್ಯೂಯಾರ್ಕ್ ವಿವಾಹಿತೆಯರ ಆಸ್ತಿಹಕ್ಕನ್ನು ಮಾನ್ಯಮಾಡಿದರೂ ಅವರ ದುಡಿಮೆಯ ಕೂಲಿಯ ಮೇಲಿನ ಹಕ್ಕು 1860ರವರೆಗೂ ದೊರೆಯಲಿಲ್ಲವಾದ್ದರಿಂದ, ಕುಡುಕ ಗಂಡನ ಹೆಂಡತಿ ತಾನೇ ದುಡಿದ ಹಣವನ್ನೂ ಮಕ್ಕಳ ಅನ್ನಕ್ಕೆಂದು ಉಳಿಸಿಕೊಳ್ಳಲಾರದೆ ಹೋಗುತ್ತಿದ್ದಳು.

ಬಳಿಕ ‘ಸನ್‌ಫ್ಲವರ್’ ಎಂಬ ಅಂಕಿತದ ಬರಹಗಳನ್ನು ಹುಡುಕಿ. ಅವು ಸ್ತ್ರೀಹಕ್ಕು ಚಳವಳಿಯ ನಾಯಕಿ ಎಲಿಜಬೆತ್ ಕೇಡಿ ಸ್ಟಾಂಟನ್ ಅವರವು.

ಉಡುಪಿನ ಚರ್ಚೆಗಾಗಿ 1851ರ ಸಂಚಿಕೆಗಳನ್ನು ನೋಡಿ, ಆದರೆ ಆ ಉಡುಪನ್ನು ಅಮೇಲಿಯಾ ರೂಪಿಸಿದರೆಂದು ಬರೆಯಬೇಡಿ. ಅವರಿಗಿಂತ ಮೊದಲು ಸ್ಟಾಂಟನ್ ಅವರ ಬಂಧು ಎಲಿಜಬೆತ್ ಸ್ಮಿತ್ ಮಿಲ್ಲರ್ ಅದನ್ನು ತೊಟ್ಟಿದ್ದರು.