ಶಾಂತಿಪಾಲನಾ ಪಡೆ ತಡವಾದ ಸುದ್ದಿಯನ್ನು ಓದುವ ಬಗೆ

ರಾಯಚೂರು, ಸಿಂಧನೂರು, ಗಂಗಾವತಿಯ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರು ಯುದ್ಧದ ಸುದ್ದಿ ಬಂದಾಗ ‘ವಿಶ್ವಸಂಸ್ಥೆ ಕೈಕಟ್ಟಿ ಕುಳಿತಿದೆ’ ಎಂದಷ್ಟೇ ಟಿಪ್ಪಣಿ ಮಾಡಿಕೊಂಡರೆ ಸಾಲದು; ಯುದ್ಧ ನಿಲ್ಲಿಸುವ ಇಲ್ಲವೇ ಶಾಂತಿಪಾಲನಾ ಪಡೆ ಕಳುಹಿಸುವ ಕೆಲಸ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಗುರುತಿಸಬೇಕು.

ಮೊದಲು ಮತದಾನವನ್ನು ನೋಡಿ. ಭದ್ರತಾ ಮಂಡಳಿಯ 15 ಸದಸ್ಯರಲ್ಲಿ ಒಂಬತ್ತು ಮಂದಿ ಒಪ್ಪಬೇಕು, ಐದು ಕಾಯಂ ಸದಸ್ಯ ರಾಷ್ಟ್ರಗಳಲ್ಲಿ ಯಾವುದೂ ವಿರೋಧವಾಗಿ ಮತ ಹಾಕಬಾರದು. ಅವು ತಟಸ್ಥವಾಗಿ ಉಳಿದರೆ ನಿರ್ಣಯಕ್ಕೆ ಅಡ್ಡಿಯಿಲ್ಲ. ಕಾಯಂ ಸದಸ್ಯರ ವಿರೋಧ ಮತ, ಅಂದರೆ ವೀಟೋ, ಬಿದ್ದಾಗ ವಿಷಯವನ್ನು ಎಲ್ಲ ಸದಸ್ಯ ರಾಷ್ಟ್ರಗಳಿರುವ ಸಾಮಾನ್ಯ ಸಭೆಗೆ ಒಯ್ಯುವ ದಾರಿಯನ್ನು 1950ರ 377ನೇ ನಿರ್ಣಯ ತೆರೆದಿದೆ. 1971ರ ಡಿಸೆಂಬರ್‌ನಲ್ಲಿ ಭಾರತ-ಪಾಕಿಸ್ತಾನ ಯುದ್ಧದ ವೇಳೆ ಸೋವಿಯತ್ ಒಕ್ಕೂಟದ ವೀಟೋದಿಂದ ಮಂಡಳಿಯ ಕದನ ವಿರಾಮದ ನಿರ್ಣಯ ಬಿದ್ದುಹೋಯಿತು. ಡಿಸೆಂಬರ್ 7ರಂದು ಸಾಮಾನ್ಯ ಸಭೆ 104 ಮತಗಳಿಂದ ಕದನ ವಿರಾಮಕ್ಕೆ ಕರೆ ನೀಡಿದರೂ, ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಗುವವರೆಗೆ ಯುದ್ಧ ನಡೆಯಿತು. ಆ ವಿಳಂಬ ಭಾರತಕ್ಕೆ ಬೇಕಾಗಿತ್ತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿರುವ ಸಿಂಧನೂರಿನ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಪ್ರತಿ ಸಲವೂ ತಡದಿಂದ ಯಾರಿಗೆ ಲಾಭವಾಯಿತು, ಯಾರು ಬಲಿಯಾದರು ಎಂಬ ಎರಡೂ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ನಿರ್ಣಯ ಅಂಗೀಕಾರವಾಗಿದ್ದರೆ, ಆತಿಥೇಯ ದೇಶದ ಸಮ್ಮತಿ ಸಿಕ್ಕಿತೇ ಎಂದು ಹುಡುಕಿ. ಸುಡಾನಿನ ಡಾರ್ಫುರ್ ಪ್ರಾಂತ್ಯಕ್ಕೆ ಪಡೆ ಕಳುಹಿಸುವ 2006ರ ಆಗಸ್ಟ್‌ನ ನಿರ್ಣಯವನ್ನು ಸುಡಾನ್ ಒಪ್ಪಲಿಲ್ಲ. ಆಫ್ರಿಕಾ ಒಕ್ಕೂಟದ ಜೊತೆ ಸೇರಿದ ಜಂಟಿ ಪಡೆಗೆ 2007ರ ಜುಲೈ 31ರಂದು ಮತ್ತೊಂದು ನಿರ್ಣಯ ಬೇಕಾಯಿತು.

ಮೂರನೆಯದು ಸೈನಿಕರು, ಇಲ್ಲಿಯೇ ಓದುಗರು ಹೆಚ್ಚು ಮೋಸಹೋಗುತ್ತಾರೆ. ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ. ಸದಸ್ಯ ರಾಷ್ಟ್ರಗಳು ಒಪ್ಪಿ ಕಳುಹಿಸಿದರಷ್ಟೇ ಪಡೆ. ವಾಹನ, ಶಸ್ತ್ರ, ಸಾಗಾಟದ ವಿಮಾನಗಳೂ ಹಾಗೆಯೇ ಬರಬೇಕು. ರುವಾಂಡದಲ್ಲಿ 1994ರ ಏಪ್ರಿಲ್‌ನಲ್ಲಿ ನರಮೇಧ ಆರಂಭವಾದಾಗ ಅಲ್ಲಿ ಸುಮಾರು 2,500 ಶಾಂತಿಪಾಲಕರಿದ್ದರು. ಬೆಲ್ಜಿಯಂ ತನ್ನ ಹತ್ತು ಸೈನಿಕರು ಹತ್ಯೆಯಾದ ಮೇಲೆ ಉಳಿದವರನ್ನು ವಾಪಸು ಕರೆಸಿಕೊಂಡಿತು, ಏಪ್ರಿಲ್ 21ರಂದು ಮಂಡಳಿ ಪಡೆಯನ್ನು 270ಕ್ಕೆ ಇಳಿಸಲು ನಿರ್ಧರಿಸಿತು. ಮೇ 17ರಂದು 5,500 ಸೈನಿಕರಿಗೆ ಅನುಮತಿ ದೊರೆಯಿತಾದರೂ ಸದಸ್ಯ ರಾಷ್ಟ್ರಗಳು ಆ ಸಂಖ್ಯೆಯನ್ನು ಒದಗಿಸಲು ಸುಮಾರು ಆರು ತಿಂಗಳು ತೆಗೆದುಕೊಂಡವು. ಅಷ್ಟರೊಳಗೆ ಸುಮಾರು ಎಂಟು ಲಕ್ಷ ಜನರ ಕೊಲೆಯಾಗಿ ಹೋಗಿತ್ತು. ಈ ಹೊಣೆಯನ್ನು ‘ವಿಶ್ವಸಂಸ್ಥೆ’ ಎಂಬ ಒಂದೇ ಹೆಸರಿನ ಮೇಲೆ ಹೊರಿಸಿದರೆ ಸೈನಿಕರನ್ನು ಕೊಡದ ಸರಕಾರಗಳು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಡ ಅನಿವಾರ್ಯವೆಂದೂ ಭಾವಿಸಬೇಡಿ. ಸುಯೆಜ್ ಬಿಕ್ಕಟ್ಟಿನಲ್ಲಿ 1956ರ ನವೆಂಬರ್ 5ರಂದು ಸಾಮಾನ್ಯ ಸಭೆ ಪಡೆಗೆ ದಂಡನಾಯಕತ್ವ ರಚಿಸಿತು. 15ರಂದು ಮೊದಲ ತುಕಡಿಗಳು ಈಜಿಪ್ಟಿನಲ್ಲಿ ಇಳಿದವು.

ಆದ್ದರಿಂದ ಪ್ರತಿ ಸಂಘರ್ಷಕ್ಕೂ ಟಿಪ್ಪಣಿ ಪುಸ್ತಕದಲ್ಲಿ ನಿರ್ಣಯದ ದಿನ, ಸಮ್ಮತಿಯ ದಿನ, ಮೊದಲ ತುಕಡಿ ಇಳಿದ ದಿನ, ಪೂರ್ಣ ಬಲ ತಲುಪಿದ ದಿನ ಎಂದು ಬೇರೆಬೇರೆಯಾಗಿ ಬರೆದುಕೊಳ್ಳಿ. ಮಂಜೂರಾದ ಸಂಖ್ಯೆಯನ್ನು ನೆಲದ ಮೇಲಿರುವ ಸಂಖ್ಯೆಯೆಂದು ಬರೆಯಬೇಡಿ. ಯಾವ ದೇಶದ ಎಷ್ಟು ಸೈನಿಕರು ಎಲ್ಲಿದ್ದಾರೆ ಎಂಬ ಪಟ್ಟಿಯನ್ನು ವಿಶ್ವಸಂಸ್ಥೆಯೇ ಪ್ರಕಟಿಸುತ್ತದೆ, ಅದನ್ನು ತೆರೆದು ತಾಳೆ ನೋಡಿ.