ಎರಡು ಹನಿ ಫೌಂಡೇಶನ್, ವಾಲಗ ಮುಗಿಯುವವರೆಗೆ

ಮದುವೆ ಮೇಕಪ್ ಮಾಡುವ ನಾನು, ಐವತ್ತು ದಾಟಿದ ಹೆಂಗಸರ ಮುಖಕ್ಕೆ ಎರಡು ಹನಿ ಫೌಂಡೇಶನ್ ಸಾಕು ಅಂದಾಗ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಪಾರ್ಲರ್‌ನವರೆಲ್ಲ ನಕ್ಕು ಕೇಳಿದ್ದು ಒಂದೇ ಮಾತು: "ವಾಲಗಕ್ಕೆ ಕುಣಿದ ಮೇಲೆ ಮುಖದಲ್ಲಿ ಏನು ಉಳೀತದೆ?" ಕೇಳಬೇಕಾದ ಪ್ರಶ್ನೆಯೇ. ಕೊಡವ ಮದುವೆಯಲ್ಲಿ ಹುಡುಗಿಯ ಅಮ್ಮ, ಚಿಕ್ಕಮ್ಮ, ಅತ್ತೆ ಯಾರೂ ಕುರ್ಚಿಯಲ್ಲಿ ಗೊಂಬೆಯ ಹಾಗೆ ಕೂರುವವರಲ್ಲ. ಬೆಳಿಗ್ಗೆ ಆರಕ್ಕೆ ಹಚ್ಚಿದ್ದು ಊಟ, ಕುಣಿತ, ಗಂಗಾಪೂಜೆ ಎಲ್ಲ ದಾಟಬೇಕು. ಕಳೆದ ಎರಡು ಸೀಸನ್‌ನಲ್ಲಿ ಸುಮಾರು 70 ಮುಖಗಳ ಮೇಲೆ ಇದು ದಾಟಿದೆ, ಕೆಟ್ಟದ್ದು ನಾಲ್ಕೋ ಐದೋ. ಆಗ ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಶೇಡ್ ಕೇಳುತ್ತಾರೆ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ. 'ಫುಲ್ ಕವರೇಜ್' ಮ್ಯಾಟ್ ಬಾಟಲಿ ಎರಡು, ತಲಾ 700-800. ಇಪ್ಪತ್ತೈದರ ಚರ್ಮದ ಮೇಲೆ ಚೆನ್ನಾಗಿಯೇ ಕೂತವು. ಐವತ್ತೈದರ ಚರ್ಮದಲ್ಲಿ ಎರಡನೇ ಗಂಟೆಗೇ ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆಯಲ್ಲಿ ಬೆಳ್ಳಗೆ ಸೇರಿಕೊಂಡವು. ಮುಟ್ಟು ನಿಂತ ಮೇಲೆ ಚರ್ಮದ ಎಣ್ಣೆ ಕಡಿಮೆಯಾಗುತ್ತದೆ. ಎಣ್ಣೆ ಹೀರಲೆಂದೇ ಮಾಡಿದ ಬೇಸ್, ಅಂದರೆ ಫೌಂಡೇಶನ್, ಅಂಥ ಕಡೆ ಒಣಗಿ ಬಿಗಿಯುತ್ತದೆ, ನಕ್ಕಾಗ ಆ ಪದರ ಮಡಚಿ ಗೆರೆಗೆ ಇಳಿಯುತ್ತದೆ. ಇನ್ನೊಂದು ಬಾಟಲಿಯನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮುಂಗೈ ಮೇಲೆ ನೋಡಿ ತಂದದ್ದು. ಅರ್ಧ ಗಂಟೆಯಲ್ಲಿ ಅರಿಶಿನ ಮೆತ್ತಿದ ಬಣ್ಣಕ್ಕೆ ತಿರುಗಿತು. ಎಚ್‌ಡಿ ಎಂದು ಬರೆದಿದ್ದ ಸಿಲಿಕಾ ಪುಡಿ ಕಣ್ಣಿಗೆ ಏನೂ ಕಾಣದು, ಫ್ಲ್ಯಾಶ್ ಬಿದ್ದ ಕೂಡಲೇ ಕಣ್ಣಿನ ಕೆಳಗೆ ಸುಣ್ಣ. ಫೌಂಡೇಶನ್ನಿಗೆ ಮೊದಲು ಹಚ್ಚುವ ಸಿಲಿಕೋನ್ ಪ್ರೈಮರ್ ಮೇಲೆ ನೀರಿನ ಬೇಸ್ ಉಜ್ಜಿ, ರಬ್ಬರ್ ಉಜ್ಜಿದ ಹಾಗೆ ಉಂಡೆ ಉಂಡೆ ಎದ್ದದ್ದೂ ಇದೆ. ಅವತ್ತು ಪೂರ್ತಿ ತೊಳೆದು ಮತ್ತೆ ಶುರು, ನಲವತ್ತು ನಿಮಿಷ ಹೋಯಿತು.

ಇಷ್ಟಾದ ಮೇಲೆ ಗೊತ್ತಾದದ್ದು, ತಪ್ಪು ಬಾಟಲಿಯದ್ದಲ್ಲ. ಮುಚ್ಚುವ ಕೆಲಸವನ್ನು ಫೌಂಡೇಶನ್ ಕೈಯಲ್ಲಿ ಮಾಡಿಸುವುದೇ ತಪ್ಪು. ಬಂಗು (ಮುಖದ ಕಂದು ಕಲೆ), ಕಣ್ಣಿನ ಕಪ್ಪು, ತುಟಿಯ ಸುತ್ತಲಿನ ಕಪ್ಪು ಇವನ್ನು ಕಲೆ ಮುಚ್ಚುವ ಬಣ್ಣವಾದ ಕರೆಕ್ಟರ್ ಮುಚ್ಚಲಿ, ಅದೂ ಆ ಜಾಗದಲ್ಲಿ ಮಾತ್ರ. ಫೌಂಡೇಶನ್ ಬಣ್ಣವನ್ನು ಒಂದು ಮಾಡಿದರೆ ಸಾಕು. ಮುಖದ ಮುಕ್ಕಾಲು ಭಾಗ ಬರೀ ಚರ್ಮವೇ ಕಾಣಬೇಕು, ರಂಧ್ರ, ಮಚ್ಚೆ ಸಮೇತ. "ನನ್ನ ಮುಖಕ್ಕೆ ಸುಣ್ಣ ಬಳೀಬೇಡಮ್ಮ" ಎಂದು ಹೇಳಿಕೊಂಡೇ ಕೂರುವ ಹಿರಿಯರಿಗೂ ಬೇಕಿರುವುದು ಅದೇ.

ಬಾಟಲಿ ಆರಿಸುವಾಗ ಮುಂದಿನ ದೊಡ್ಡ ಅಕ್ಷರ ಓದುವುದನ್ನು ಬಿಟ್ಟಿದ್ದೇನೆ. ಹಿಂದೆ ತಿರುಗಿಸಿ ಮೊದಲ ಐದಾರು ಹೆಸರು ನೋಡಿ. ನೀರು ಮೊದಲು, ನಂತರ ಡೈಮೆಥಿಕೋನ್ ಜಾತಿಯ ಸಿಲಿಕೋನ್, ಜೊತೆಗೆ ಗ್ಲಿಸರಿನ್ ಮೇಲಿನ ಸಾಲಲ್ಲೇ ಇದ್ದರೆ ಒಳ್ಳೆಯದು. ಎಣ್ಣೆ ಹೀರುವ ಟಾಲ್ಕ್, ಸಿಲಿಕಾ, ಕೆಯೋಲಿನ್ ಮೇಲೇ ಇದ್ದರೆ ಈ ವಯಸ್ಸಿಗೆ ಬೇಡ. ಎಸ್‌ಪಿಎಫ್ ಅಂದರೆ ಬಿಸಿಲು ತಡೆಯುವ ಅಂಕಿ, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಅದನ್ನು ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ನಮ್ಮ ಎರಡು ಹನಿ ಅದರ ಹತ್ತಿರಕ್ಕೂ ಬರದು. ಹೊರಗಿನ ಬಿಸಿಲಿಗೆ ಸನ್‌ಸ್ಕ್ರೀನ್ ಬೇರೆಯೇ ಹಾಕಬೇಕು. ಆದರೆ ರಾತ್ರಿ ಫ್ಲ್ಯಾಶ್ ಫೋಟೋ ಇದ್ದರೆ ಝಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಹೆಚ್ಚಿರುವುದನ್ನು ದೂರ ಇಡಿ, ಮುಖ ಬೆಳ್ಳಗೆ ಹೊಡೆಯುತ್ತದೆ. ಬ್ಯಾಚ್ ನಂಬರ್, ತಯಾರಕರ ಲೈಸೆನ್ಸ್ ನಂಬರ್, ಎಂಆರ್‌ಪಿ, ಮುಗಿಯುವ ತಿಂಗಳು ಇಲ್ಲದ 'ಸೆಕೆಂಡ್ ಕಾಪಿ' ನಕಲಿ ಮಾಲು 150 ರೂಪಾಯಿಗೆ ಸಿಕ್ಕರೂ ಮುಟ್ಟಬಾರದು. ಈಗ ಕಿಟ್‌ನಲ್ಲಿರುವ ಮೂರು ಬಾಟಲಿಯೂ 600ರ ಒಳಗಿನವು.

ಶೇಡ್ ವಿಷಯದಲ್ಲಿ ನಮ್ಮ ಊರಿನ ಅಂಗಡಿಗಳಲ್ಲಿ ನಾಲ್ಕೇ ನಾಲ್ಕು ಸಿಗುತ್ತವೆ, ಅದರಲ್ಲಿ ಮೂರು ಬಿಳಿ ಕಡೆಯವು. ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋದಾಗ ಒಂದು ಗಾಢ ಶೇಡ್ ಹಿಡಿದುಕೊಂಡು ಬಂದರೆ ವರ್ಷ ಕಳೆಯುತ್ತದೆ, ಯಾಕೆಂದರೆ ಬೇಕಾಗುವುದು ಬೆರೆಸಲು ಮಾತ್ರ. ವಯಸ್ಸಾದವರಲ್ಲಿ ಹಣೆ, ಕೆನ್ನೆಯ ಹೊರಭಾಗ ಬಿಸಿಲಿಗೆ ಕಪ್ಪಾಗಿ ಕುತ್ತಿಗೆ ಒಂದು ಮೆಟ್ಟಿಲು ತಿಳಿಯಾಗಿರುತ್ತದೆ. ಕೆನ್ನೆಗೆ ಹೊಂದಿಸಿದರೆ ಮುಖ ಮಂಕು, ಕುತ್ತಿಗೆಗೆ ಹೊಂದಿಸಿದರೆ ಮುಖವಾಡ. ಎರಡರ ನಡುವೆ, ಕುತ್ತಿಗೆಗೆ ಸ್ವಲ್ಪ ಹತ್ತಿರ ಹಿಡಿಯಿರಿ. ದವಡೆಯ ಮೇಲೆ ಮೂರು ಗೆರೆ ಎಳೆದು, ಕಿಟಕಿಯ ಬೆಳಕಲ್ಲಿ, 20 ನಿಮಿಷ ಬಿಟ್ಟು ನೋಡಿ. ತಿರುಗುವ ಬಣ್ಣ ಅಷ್ಟರಲ್ಲಿ ತಿರುಗಿರುತ್ತದೆ. ಗುಲಾಬಿ ಬಗೆಯ ಬೀಜ್ (ತಿಳಿ ಕಂದು) ಶೇಡ್ ನಮ್ಮ ಚರ್ಮಕ್ಕೆ ಬೂದಿ ಬಡಿದಂತೆ ಕಾಣುತ್ತದೆ. ಈಗಾಗಲೇ ತಂದಿದ್ದರೆ ಎಸೆಯಬೇಡಿ, ಸಾಸಿವೆ ಕಾಳಿನಷ್ಟು ಕಿತ್ತಳೆ ಕರೆಕ್ಟರ್ ಬೆರೆಸಿದರೆ ಬೂದಿ ಹೋಗುತ್ತದೆ.

ಹಚ್ಚುವ ಕೆಲಸಕ್ಕಿಂತ ಮೊದಲಿನ ಅರ್ಧ ಗಂಟೆಯೇ ಮುಖ್ಯ. ಥ್ರೆಡಿಂಗ್ ಎರಡು ದಿನ ಮೊದಲು, ಬ್ಲೀಚ್, ಫೇಶಿಯಲ್ ಏನಿದ್ದರೂ ನಾಲ್ಕೈದು ದಿನ ಮೊದಲು. ಗದ್ದದ ಮೇಲಿನ ನವಿರಾದ ಕೂದಲು ಈ ವಯಸ್ಸಲ್ಲಿ ಹೆಚ್ಚು, ಅದನ್ನು ತೆಗೆಯದೆ ಬಿಟ್ಟರೆ ಪುಡಿಯೆಲ್ಲ ಅದರ ಮೇಲೇ ನಿಲ್ಲುತ್ತದೆ. ಅವತ್ತು ಬೆಳಿಗ್ಗೆ ನೊರೆ ಬರುವ ಫೇಸ್‌ವಾಶ್ ಬೇಡ, ಉಗುರುಬೆಚ್ಚಗಿನ ನೀರಿಗೆ ಅದ್ದಿದ ಬಟ್ಟೆ ಸಾಕು. ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಎರಡು ಕಡಲೆಕಾಳಿನಷ್ಟು. ಕಣ್ಣಿನ ಕೆಳಗೆ, ಬಾಯಿಯ ಮೂಲೆಗೆ ಇನ್ನೊಂದು ಸುತ್ತು. ಹದಿನೈದು ನಿಮಿಷ ಮುಟ್ಟಬೇಡಿ. ಅಷ್ಟರಲ್ಲಿ ಜಡೆ, ಹೂವು ಮುಗಿಸಿ. ನಂತರ ಟಿಶ್ಯೂ ಒತ್ತಿ ಎತ್ತಿ. ಬೆರಳು ಅಂಟಿಯೂ ಅಂಟದ ಹಾಗಿರಬೇಕು, ಜಾರುವ ಹಾಗಿದ್ದರೆ ಇನ್ನೊಮ್ಮೆ ಒತ್ತಿ. ಪ್ರೈಮರ್ ಮೂಗಿನ ಎರಡು ಪಕ್ಕಕ್ಕೆ ಮಾತ್ರ.

ಕರೆಕ್ಟರ್ ಉಂಗುರದ ಬೆರಳಲ್ಲಿ, ಕಪ್ಪು ಇರುವಲ್ಲಿ ಮಾತ್ರ, ತಟ್ಟಿ ಕೂರಿಸಿ. ಕಣ್ಣಿನ ಕೆಳಗಿನ ಇಡೀ ಅರ್ಧಚಂದ್ರಕ್ಕೆ ಬಳಿಯುವ ಅಭ್ಯಾಸ ಬಿಡಿ. ಒಳಮೂಲೆಯ ಕಪ್ಪಿಗೆ ಎರಡು ಸಾಸಿವೆಯಷ್ಟು ಸಾಕು. ದಪ್ಪ ಬಂಗಿಗೆ ಕ್ರಯೋಲಾನ್ ಕಂಪನಿಯ ಗಟ್ಟಿ ಮೇಕಪ್ ಕಡ್ಡಿ, ಟಿವಿ ಪೇಂಟ್ ಸ್ಟಿಕ್‌ನಿಂದ ಅಕ್ಕಿಕಾಳಿನಷ್ಟು ಕೆರೆದುಕೊಳ್ಳುತ್ತೇನೆ. ಅದಕ್ಕೆ ಸಮ ಇನ್ನೊಂದಿಲ್ಲ, ಆದರೆ ಮುಖಕ್ಕೆಲ್ಲ ಎಳೆಯುವ ಕೆಲಸಕ್ಕಲ್ಲ. ಡಿಸೆಂಬರ್‌ನಲ್ಲಿ ಮಡಿಕೇರಿ ಕಡೆ ಬೆಳಿಗ್ಗೆ ಐದಕ್ಕೆ ತೆಂಗಿನೆಣ್ಣೆ ಡಬ್ಬಿಯಲ್ಲಿ ಕಲ್ಲಾಗಿರುತ್ತದಲ್ಲ, ಸ್ಟಿಕ್‌ಗಳೂ ಹಾಗೆಯೇ. ನೇರ ಎಳೆದರೆ ಸಡಿಲ ಚರ್ಮ ಜೊತೆಗೇ ಜಗ್ಗುತ್ತದೆ. ಬಿಸಿ ಕಾಫಿ ಲೋಟದ ಹೊರಮೈಗೆ ಒಂದು ನಿಮಿಷ ಒರಗಿಸಿಟ್ಟರೆ ಬೆಣ್ಣೆಯ ಹದಕ್ಕೆ ಬರುತ್ತದೆ. ಜಾಸ್ತಿ ಇಟ್ಟರೆ ಬೆವರುತ್ತದೆ, ನೋಡಿಕೊಳ್ಳಿ.

ಈಗ ಆ ಎರಡು ಹನಿ. ಪಂಪ್ ಲೆಕ್ಕ ನಂಬಬೇಡಿ, ಒಂದೊಂದು ಬಾಟಲಿಯದ್ದು ಒಂದೊಂದು ಅಳತೆ. ಮೆಡಿಕಲ್‌ನಲ್ಲಿ ಸೂಜಿ ಇಲ್ಲದ 2 ಎಂ.ಎಲ್. ಸಿರಿಂಜ್ ಸಿಗುತ್ತದೆ, ಅದರಲ್ಲಿ ಒಮ್ಮೆ ಅಳೆದರೆ ಜನ್ಮಕ್ಕೆ ಸಾಕು. ಒಂದು ಮುಖಕ್ಕೆ ಫೌಂಡೇಶನ್ ಅರ್ಧ ಎಂ.ಎಲ್., ಅಂದರೆ ದಪ್ಪನೆಯ ಎರಡು ಹನಿ. ಸ್ಟೀಲ್ ಪ್ಲೇಟಿನ ಮೇಲೆ ಫೌಂಡೇಶನ್ ಎರಡು ಪಾಲು, ಮೊದಲು ಹಚ್ಚಿದ ಅದೇ ಮಾಯಿಶ್ಚರೈಸರ್ ಒಂದು ಪಾಲು. ಬೇರೆ ಕಂಪನಿಯದ್ದು ಬೆರೆಸಿದರೆ, ಹಚ್ಚುವ ಮೊದಲು ಪ್ಲೇಟಿನಲ್ಲೇ ಐದು ನಿಮಿಷ ಬಿಡಿ. ಹೊಂದದಿದ್ದರೆ ಒಡೆದ ಹಾಲಿನ ಹಾಗೆ ಬೇರೆಯಾಗುತ್ತದೆ. ಮುಖದ ಮೇಲೆ ಒಡೆಯುವುದಕ್ಕಿಂತ ಪ್ಲೇಟಿನಲ್ಲಿ ಒಡೆಯಲಿ. ಚಳಿಗಾಲದಲ್ಲಿ ಇದಕ್ಕೆ ನಾನು ಸೇರಿಸುವ ಇನ್ನೊಂದು ಸಾಮಾನು ಇದೆ, ಅರ್ಧ ಹನಿ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಸೀಸನ್‌ಗೆ ನನ್ನನ್ನು ಯಾರು ಕರೆಯುತ್ತಾರೆ?

ಸ್ಪಂಜು ಒದ್ದೆ ಮಾಡಿ ಹಿಂಡಿ, ಆಮೇಲೆ ಟಿಶ್ಯೂ ಸುತ್ತಿ ಮತ್ತೊಮ್ಮೆ ಹಿಂಡಿ. ತಣ್ಣಗಿರಬೇಕು, ನೀರು ಬಿಡಬಾರದು. ನೀರು ಬಿಟ್ಟರೆ ಕರೆಕ್ಟರ್ ತೊಳೆದು ತೇಪೆ ತೇಪೆ ಕಾಣುತ್ತದೆ. ಕೆನ್ನೆಯ ನಡುವಿನಿಂದ ಶುರು ಮಾಡಿ ಹೊರಗೆ ಒತ್ತುತ್ತ ಹೋಗಿ. ಉಜ್ಜಿದಿರೋ ಕೆಟ್ಟಿತು. ಹಣೆಗೆ ಉಳಿದದ್ದು, ಕಣ್ಣಿನ ಕೆಳಗೆ ಸ್ಪಂಜಿನಲ್ಲಿ ಅಂಟಿರುವಷ್ಟೇ. ದವಡೆಯಿಂದ ಕೆಳಕ್ಕೆ ಬರಿ ಸ್ಪಂಜು. ಎರಡನೇ ಪದರ ಬೇಕೆನಿಸುತ್ತದೆ, ಎಲ್ಲರಿಗೂ ಅನಿಸುತ್ತದೆ. ಮೂರು ಹೆಜ್ಜೆ ಹಿಂದೆ ನಿಂತು ನೋಡಿ, ಬೇಕಾಗುವುದಿಲ್ಲ. ಮದುವೆಗೆ ಬಂದವರು ಯಾರೂ ಆರು ಇಂಚು ದೂರದಿಂದ ನೋಡುವುದಿಲ್ಲ.

ಮುಂದಿನ ಒಂದು ನಿಮಿಷವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪುಡಿ ಹಾಕುವ ಮೊದಲು "ಆಂಟಿ, ಒಮ್ಮೆ ಜೋರಾಗಿ ನಗಿ, ಮೇಲೆ ನೋಡಿ, ಹುಬ್ಬು ಎತ್ತಿ" ಅನ್ನಿ. ಬೇಸ್ ಎಲ್ಲೆಲ್ಲಿ ಗೆರೆಗೆ ಇಳಿಯಬೇಕೋ ಆಗಲೇ ಇಳಿಯುತ್ತದೆ. ಸ್ಪಂಜಿನ ಚೊಕ್ಕ ಮೂಲೆಯಿಂದ ಆ ಗೆರೆಗಳನ್ನು ಮಾತ್ರ ಒತ್ತಿ ಎತ್ತಿ. ಎರಡು ಸಲ ಮಾಡಿ. ಕ್ರೀಮ್ ಬ್ಲಶ್ ಹಾಕುವುದಿದ್ದರೆ ಇದೇ ಹೊತ್ತಿಗೆ, ಪುಡಿಯ ಮೇಲೆ ಕ್ರೀಮ್ ಹೋದರೆ ಕಲೆ ಬೀಳುತ್ತದೆ. ಆಮೇಲೆ ಪುಡಿ, ಐಶ್ಯಾಡೋ ಬ್ರಶ್ಶಿನಷ್ಟು ಸಣ್ಣದರಲ್ಲಿ: ಮೂಗಿನ ಪಕ್ಕ, ಹುಬ್ಬುಗಳ ನಡುವೆ, ಗದ್ದ. ಮೂರೇ ಜಾಗ. ಕಣ್ಣಿನ ಹೊರಮೂಲೆಯ ಗೆರೆಗಳಿಗೆ ಪುಡಿ ಮುಟ್ಟಿಸಿದರೆ ವಯಸ್ಸಿಗೆ ಐದು ವರ್ಷ ಸೇರಿಸಿದ ಹಾಗೆ. ಹಚ್ಚಿದ್ದನ್ನು ಹಿಡಿದಿಡುವ ಸೆಟ್ಟಿಂಗ್ ಸ್ಪ್ರೇ ಕೊನೆಯಲ್ಲಿ ಎಂದು ಎಲ್ಲರೂ ಕಲಿತಿದ್ದೇವೆ. ನಾನು ಕೊನೆಯಲ್ಲಿ ಮಾತ್ರ ಹಾಕುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಪುಡಿಯ ವಿಷಯದಲ್ಲಿ ಒಂದು ಪ್ರಯೋಗ ಮಾಡಿದ್ದೆ, ಕೂವೆ ಹಿಟ್ಟು. ಮನೆಯದ್ದು, ನುಣುಪು, ಖರ್ಚಿಲ್ಲ. ಜನವರಿಯಲ್ಲಿ ಬಹಳ ಚೆನ್ನಾಗಿ ಕೂತಿತು, ಬಣ್ಣಕ್ಕೆ ಚಿಟಿಕೆ ಕೋಕೋ ಪುಡಿ ಬೆರೆಸಿದ್ದೆ. ಜೂನ್‌ನಲ್ಲಿ ಅದೇ ಡಬ್ಬಿ ತೆರೆದರೆ ಗಟ್ಟಿ ಉಂಡೆ, ಮುಖದ ಬೆವರು ತಾಗಿದಲ್ಲಿ ಗಂಜಿ ಒಣಗಿದ ಹಾಗೆ ಚುಕ್ಕೆ. ಡಬ್ಬಿಗೆ ಇರುವೆಯೂ ಬಂತು. ಫೌಂಡೇಶನ್ ತೆಳು ಮಾಡಲು ಲೋಳೆಸರದ ಜೆಲ್, ಗುಲಾಬಿ ನೀರು, ತೆಂಗಿನೆಣ್ಣೆ ಮೂರನ್ನೂ ನೋಡಿದ್ದೇನೆ. ಜೆಲ್ ಒಣಗಿ ಸಿಪ್ಪೆ ಏಳುತ್ತದೆ, ಗುಲಾಬಿ ನೀರು ಸೇರುವುದೇ ಇಲ್ಲ, ಎಣ್ಣೆ ಹಾಕಿದ್ದು ಮಧ್ಯಾಹ್ನಕ್ಕೆ ಇಳಿದು ಗದ್ದದಲ್ಲಿರುತ್ತದೆ.

ವಾಲಗ ಮುಗಿದ ಮೇಲಿನ ರಿಪೇರಿ ಹೀಗೆ. ಪುಡಿ ಡಬ್ಬಿ ತೆರೆಯಬೇಡಿ. ಟಿಶ್ಯೂ ಒತ್ತಿ ಬೆವರು ತೆಗೆಯಿರಿ, ಒದ್ದೆ ಸ್ಪಂಜಿನಲ್ಲಿ ಇದ್ದ ಬೇಸನ್ನೇ ಮತ್ತೆ ಒತ್ತಿ ಕೂರಿಸಿ. ತೆಳುವಾಗಿರುವುದರಿಂದ ಮತ್ತೆ ಕೂರುತ್ತದೆ, ಎರಡು ಹನಿಯ ಲಾಭ ಇದೇ. ದಪ್ಪ ಬೇಸ್ ಬಿರಿದರೆ ಸೇರಿಸಲಾಗದು. ಪಂದಿ ಕರಿ ಊಟವಾದ ಮೇಲೆ ತುಟಿಯ ಸುತ್ತ ಹೋಗಿಯೇ ಇರುತ್ತದೆ, ಅಲ್ಲಿಗೆ ಬೆರಳ ತುದಿಯ ಕರೆಕ್ಟರ್ ಸಾಕು. ಮುಟ್ಟು ನಿಲ್ಲುವ ಹೊತ್ತಿನವರಿಗೆ ಕೂತಲ್ಲೇ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಹಣೆಯಿಂದ ಬೆವರು ಇಳಿಯುತ್ತದೆ. ಆಗ ಕೈ ತೆಗೆದು ಫ್ಯಾನ್ ಹಾಕಿ, ತಣ್ಣೀರಿನ ಕರವಸ್ತ್ರ ಕತ್ತಿನ ಹಿಂದೆ ಇಡಿ, ಐದು ನಿಮಿಷ ಕಾಯಿರಿ. ಆ ಬೆವರಿನ ಮೇಲೆ ಹಚ್ಚಿದ ಮುಖಗಳೇ ಕೆಟ್ಟ ನಾಲ್ಕೈದರಲ್ಲಿ ಮೂರು.

ಖರ್ಚು ನೆನಪಿನಿಂದ: ಫೌಂಡೇಶನ್ 580ರ ಬಾಟಲಿ, 30 ಎಂ.ಎಲ್., ಚೆಲ್ಲಿದ್ದು ಕಳೆದು 50 ಮುಖ, ಅಂದರೆ 12 ರೂಪಾಯಿ. ಕರೆಕ್ಟರ್ 5, ಮಾಯಿಶ್ಚರೈಸರ್, ಪುಡಿ ಸೇರಿ 5, ಸ್ಪ್ರೇ 6-7, ಸ್ಪಂಜು, ಟಿಶ್ಯೂ 12. ನಲವತ್ತರ ಆಸುಪಾಸು. ಮೊದಲು ನೂರೈವತ್ತು ದಾಟುತ್ತಿತ್ತು. ಸ್ಪಂಜಿನ ಲೆಕ್ಕ ಜಾಸ್ತಿ ಅನಿಸಬಹುದು. ನಮ್ಮ ಜುಲೈಯಲ್ಲಿ ತೊಳೆದ ಮೊಟ್ಟೆಯಾಕಾರದ ಸ್ಪಂಜು ಎರಡು ದಿನವಾದರೂ ಒಣಗುವುದಿಲ್ಲ, ಮೂರನೇ ದಿನ ಕೊಯ್ದು ನೋಡಿದರೆ ಒಳಗೆ ಕಪ್ಪು ಬೂಷ್ಟು. ಅದಕ್ಕೆ ಮಳೆಗಾಲಕ್ಕೆ ತ್ರಿಕೋನದ ಅಗ್ಗದ ತುಂಡುಗಳು, ಒಬ್ಬರಿಗೆ ಒಂದು, ಆಮೇಲೆ ಬುಟ್ಟಿಗೆ.

ಬಾಟಲಿ ತೆರೆದ ತಾರೀಖನ್ನು ಮಾರ್ಕರ್‌ನಲ್ಲಿ ತಳಕ್ಕೆ ಬರೆದಿಡಿ, ತೆರೆದ ಡಬ್ಬಿಯ ಚಿತ್ರದಲ್ಲಿ 12 ಎಂ ಎಂದಿದ್ದರೆ ವರ್ಷಕ್ಕೆ ಮುಗಿಸಬೇಕು. ಪಂಪ್‌ನಲ್ಲಿ ಗಾಳಿ ಬರಲು ಶುರುವಾದರೆ ಖಾಲಿ ಎಂದು ಎಸೆಯಬೇಡಿ. ರಾತ್ರಿ ತಲೆಕೆಳಗೆ ನಿಲ್ಲಿಸಿ, ಬೆಳಿಗ್ಗೆ ಪಂಪ್ ಬಿಚ್ಚಿ ಅದೇ ಸಿರಿಂಜ್‌ನಲ್ಲಿ ಎಳೆದರೆ ಇನ್ನೂ ನಾಲ್ಕೈದು ಮುಖಕ್ಕೆ ಆಗುತ್ತದೆ.